ಟೂರ್ನಮೆಂಟ್ ಉದ್ಘಾಟನೆಗೆ ಹಕ್ಕಿ ತರದಂತೆ ಕಮಿಟಿಯನ್ನು ಒಪ್ಪಿಸುವುದು ಹೇಗೆ?

ನಾನು ರಿಟೈರ್ಡ್ ಪಿ.ಟಿ. ಮೇಷ್ಟ್ರು. ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್ ಪಂದ್ಯಾವಳಿಗಳ ಕಮಿಟಿಯಲ್ಲಿ ಕೂತು ಎಷ್ಟೋ ಪ್ಲಾಸ್ಟಿಕ್ ಕುರ್ಚಿ ಸವೆಸಿದ್ದೇನೆ. ಅತಿಥಿಗಳ ಕೈಗೆ ಪಾರಿವಾಳ ಕೊಟ್ಟು ಹಾರಿಸಿದವರಲ್ಲಿ ನಾನೂ ಒಬ್ಬ.

ಒಂದು ಸಲ ನಾಲ್ಕು ಬಿಳಿ ಪಾರಿವಾಳ ತಂದಿದ್ದೆ. ರಟ್ಟಿನ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಲ್ಲಿ ತೂತು ಹೊಡೆದು ಬೆಳಿಗ್ಗೆಯಿಂದ ಅದರಲ್ಲೇ ಇಟ್ಟಿದ್ದೆವು. ಅತಿಥಿಗಳು ಬಂದದ್ದು ರಾತ್ರಿ ಒಂಬತ್ತಕ್ಕೆ. ಎರಡು ಕತ್ತಲಲ್ಲಿ ಎತ್ತಲೋ ಹೋದವು. ಒಂದು ಲೈಟ್ ಕಂಬಕ್ಕೆ ಬಡಿದು ಕೋರ್ಟಿಗೇ ಬಿತ್ತು. ಇನ್ನೊಂದು ಹಾರಲೇ ಇಲ್ಲ, ಅತಿಥಿಗಳ ಕಾಲ ಬುಡಕ್ಕೆ ತೊಪ್ಪನೆ ಬಿತ್ತು. ಜನ ನಕ್ಕರು. ಎತ್ತಿಕೊಂಡು ರೆಕ್ಕೆ ಬಿಡಿಸಿ ನೋಡಿದೆ. ದೊಡ್ಡ ಗರಿಗಳೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರಕ್ಕೆ ಕತ್ತರಿಸಿದ್ದವು. ಹಕ್ಕಿ ಕೈತಪ್ಪಿ ಹೋಗದಿರಲಿ ಅಂತ ಮಾರುವವನೇ ಕತ್ತರಿ ಆಡಿಸಿದ್ದ. ನಾವು ಕೊಂಡದ್ದು ಹಾರಿಸೋಕೆ!

ಮೊದಲ ಕೆಲಸ, ಪೂರ್ವಭಾವಿ ಸಭೆಯಲ್ಲೇ ಮಾತೆತ್ತಿ. ಆಹ್ವಾನ ಪತ್ರಿಕೆಯಲ್ಲಿ ‘ಪಾರಿವಾಳ ಹಾರಿಸುವ ಮೂಲಕ ಉದ್ಘಾಟನೆ’ ಅಂತ ಪ್ರಿಂಟಾಯಿತೋ, ಮುಗಿಯಿತು. ಆಮೇಲೆ ಅದು ಅಧ್ಯಕ್ಷರ ಮರ್ಯಾದೆ ಪ್ರಶ್ನೆ.

ಸಭೆಯಲ್ಲಿ ದಯೆ, ಕರುಣೆ ಅಂತ ಭಾಷಣ ಶುರು ಮಾಡಬೇಡಿ, ಯಾರೂ ಕೇಳುವುದಿಲ್ಲ. ದಕ್ಷಿಣ ಕೊರಿಯಾದ ಸೋಲ್ ನಗರದ ಕಥೆ ಹೇಳಿ. 1988ರ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಬಿಟ್ಟ ಪಾರಿವಾಳಗಳಲ್ಲಿ ಕೆಲವು ಜ್ಯೋತಿಯ ಕುಂಡದ ಅಂಚಿನಲ್ಲಿ ಹೋಗಿ ಕೂತವು. ಬೆಂಕಿ ಹೊತ್ತಿಸಿದಾಗ ಅಲ್ಲೇ ಸುಟ್ಟುಹೋದವು. ಇಡೀ ಪ್ರಪಂಚವೇ ಟಿವಿಯಲ್ಲಿ ನೋಡುತ್ತಿತ್ತು. ಈಗ ಒಲಿಂಪಿಕ್ಸಿನಲ್ಲೇ ಜೀವಂತ ಪಾರಿವಾಳ ಬಿಡುವುದಿಲ್ಲ, ನಮಗ್ಯಾಕೆ ಅನ್ನಿ.

‘ಹಾಗಾದರೆ ಗಿಳಿ ಬಿಡೋಣ ಸಾರ್, ಪುಣ್ಯನೂ ಬರುತ್ತೆ’ ಅನ್ನುವವರು ಒಬ್ಬರಾದರೂ ಇರುತ್ತಾರೆ. ಅಲ್ಲಿ ಮಾತ್ರ ಗಟ್ಟಿಯಾಗಿ ಹೇಳಿ. ಪಾರಿವಾಳ ಸಾಕುವ ಹಕ್ಕಿ, ನಮ್ಮ ಗಿಳಿ ಕಾಡಿನದು. ಅದನ್ನು ಹಿಡಿಯುವುದೂ ಮಾರುವುದೂ ಕೊಳ್ಳುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪುಣ್ಯಕ್ಕೆ ಹೋಗಿ ಕೇಸು ಹಾಕಿಸಿಕೊಳ್ಳಬೇಕಾ? ಪ್ರಚಾರಕ್ಕೆ ಕೋತಿ ಕುಣಿಸುವ ಐಡಿಯಾ ಬಂದರೂ ಇಲ್ಲ ಅನ್ನಿ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹ, ಈ ಐದನ್ನೂ ಪ್ರದರ್ಶನಕ್ಕೆ ಬಳಸುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 1998ರಲ್ಲೇ ಆದೇಶ ಹೊರಡಿಸಿದೆ.

ಬೇಡ ಅಂದಷ್ಟಕ್ಕೇ ನಿಲ್ಲಿಸಬೇಡಿ. ಅತಿಥಿಗಳಿಗೆ ಬೇಕಾದ್ದು ಹಕ್ಕಿಯಲ್ಲ, ಫೋಟೋ. ಮೊದಲ ಸರ್ವ್ ಅವರಿಂದಲೇ ಹೊಡೆಸಿ, ಇಲ್ಲವೇ ನಗಾರಿ ಬಾರಿಸಲು ಕೋಲು ಕೊಡಿ. ಕೈ ಎತ್ತಿದ ಫೋಟೋ ಪೇಪರಿಗೂ ಚೆನ್ನಾಗಿ ಬರುತ್ತದೆ. ಬಲೂನ್ ಮಾತ್ರ ಬೇಡ. ಅದು ಯಾರದೋ ಹೊಲದಲ್ಲಿ ಬಿದ್ದು ದನದ ಹೊಟ್ಟೆ ಸೇರುತ್ತದೆ.

ಇಷ್ಟೆಲ್ಲ ಆದ ಮೇಲೂ ಯಾರೋ ಹಕ್ಕಿ ತಂದು, ಅದು ಬಿತ್ತು ಅಂತಿಟ್ಟುಕೊಳ್ಳಿ. ಸುತ್ತ ಸೇರಿದ ಹುಡುಗರನ್ನು ಮೊದಲು ದೂರ ಕಳಿಸಿ. ಮೇಲೆ ಬಟ್ಟೆ ಹಾಕಿ ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಎದೆ ಅಮುಕಬೇಡಿ. ತೂತಿರುವ ಡಬ್ಬದಲ್ಲಿಟ್ಟು, ಮೈಕ್ ಸದ್ದಿಲ್ಲದ ಕತ್ತಲೆ ಮೂಲೆಗೆ ಒಯ್ಯಿರಿ. ಬಾಯಿಗೆ ನೀರು ಸುರಿಯಲೇಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ಬಟ್ಟಲಲ್ಲಿ ಒಂದಿಂಚು ನೀರಿಡಿ. ಪಾರಿವಾಳ ಕೊಕ್ಕು ಮುಳುಗಿಸಿ ಹೀರಿಕೊಂಡೇ ಕುಡಿಯುವುದು. ಗಾಯವಾಗಿದ್ದರೆ ಪಶು ವೈದ್ಯರಿಗೆ ತೋರಿಸಿ. ಗಿಳಿಯೋ ಬೇರೆ ಕಾಡು ಹಕ್ಕಿಯೋ ಆಗಿದ್ದರೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಗರಿ ಕತ್ತರಿಸಿದ ಹಕ್ಕಿಯನ್ನು ಮರುದಿನ ಮತ್ತೆ ಎಸೆದು ನೋಡಬೇಡಿ. ಹಳೆ ಗರಿ ಉದುರಿ ಹೊಸದು ಬರಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ನಾನು ಎತ್ತಿಕೊಂಡು ಬಂದ ಹಕ್ಕಿ ಅಷ್ಟೂ ದಿನ ನಮ್ಮ ಹಿತ್ತಲಲ್ಲೇ ನಡೆದಾಡಿಕೊಂಡಿತ್ತು. ನಮ್ಮ ಮನೆಯವಳು ಜೋಳ ಹಾಕುತ್ತಿದ್ದಳು. ನಾನು ಬೆಕ್ಕು ಓಡಿಸುತ್ತಿದ್ದೆ.