ಹಲಗೆಯ ಸದ್ದು

2018ರ ಮಾರ್ಚ್‌ನಲ್ಲಿ ಗುಲ್ಮಾರ್ಗ್‌ನಿಂದ ಮೈಸೂರಿಗೆ ಹಿಮದ ಇಳಿಜಾರಿನಲ್ಲಿ ನಿಂತು ಜಾರುವ ಹಲಗೆಗಳಾದ ನಾಲ್ಕು ಸ್ನೋಬೋರ್ಡ್‌ಗಳು ವಾಪಸು ಬಂದವು. ನಾವು ಕಳುಹಿಸಿದ್ದೇ ಆರು. ಹೆಬ್ಬಾಳ ಕೈಗಾರಿಕಾ ಪ್ರದೇಶದ ನಮ್ಮ ಶೆಡ್ಡಿನಲ್ಲಿ ಗೋಣಿತಾಟು ಬಿಚ್ಚಿ ನೋಡಿದರೆ, ತಳದ ಹಾಳೆಯೂ ಫೈಬರ್‌ಗ್ಲಾಸ್ ಪದರವೂ ಒಟ್ಟಾಗಿ ಮರದಿಂದ ಕಳಚಿಕೊಂಡು, ಹಳೆಯ ಚಪ್ಪಲಿಯ ಅಟ್ಟೆಯಂತೆ ಬಾಯಿ ಬಿಟ್ಟಿದ್ದವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಅದಕ್ಕೆ ಎರಡು ವರ್ಷ ಮೊದಲು ಒಬ್ಬ ಸಹಾಯಕನೊಂದಿಗೆ ಸ್ಕೇಟ್‌ಬೋರ್ಡ್ ಹಲಗೆ ಮಾಡಲು ಶುರುಮಾಡಿದ್ದೆ. ಕೊಡಗಿನ ನಿವೃತ್ತ ಸೈನಿಕರೊಬ್ಬರು ಮುರಿದ ಸ್ನೋಬೋರ್ಡ್ ಒಂದನ್ನು ತಂದು, ರಿಪೇರಿ ಆಗುತ್ತದೆಯೇ ಎಂದು ಕೇಳಿದರು. ರಿಪೇರಿ ಆಗಲಿಲ್ಲ. ಆದರೆ ಅದನ್ನು ಗರಗಸದಿಂದ ಅಡ್ಡಲಾಗಿ ಸೀಳಿದಾಗ ಅದರ ಒಳಗಿನದೆಲ್ಲ ಕಣ್ಣಿಗೆ ಬಿತ್ತು. ನಡುವೆ ಮರದ ಪಟ್ಟಿಗಳು, ಮೇಲೂ ಕೆಳಗೂ ಎಪಾಕ್ಸಿ ಅಂಟಿನಲ್ಲಿ ನೆನೆಸಿದ ಫೈಬರ್‌ಗ್ಲಾಸ್, ತಳದಲ್ಲಿ ಪಾಲಿಥಿಲೀನ್ ಹಾಳೆ, ಅಂಚಿಗೆ ಉಕ್ಕಿನ ಸಣ್ಣ ಪಟ್ಟಿ. ಇದು ಮರಗೆಲಸವೇ, ನಮ್ಮ ಮನೆಯ ಕೆಲಸವೇ ಎಂದುಕೊಂಡೆ.

ನಮ್ಮ ಮನೆ ಮಂಡಿ ಮೊಹಲ್ಲಾದಲ್ಲಿದೆ. ತಂದೆ ಐವತ್ತು ವರ್ಷ ಬೀಟೆ ಮರದಲ್ಲಿ ಕುಸುರಿ ಕೂರಿಸಿದವರು. ವಾಪಸು ಬಂದ ಹಲಗೆಗಳನ್ನು ಅವರ ಮುಂದೆ ಇಟ್ಟೆ. ಅವರು ಏನೂ ಕೇಳದೆ ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಒಂದು ಕಡೆ ಟಕ್ ಟಕ್ ಎಂದು ಗಟ್ಟಿ ಸದ್ದು, ಇನ್ನೊಂದು ಕಡೆ ಹಸಿ ಮಡಕೆಯಂತೆ ಮಂದ ಸದ್ದು. ಮಂದವಾಗಿ ಕೇಳಿದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದರು. ಕತ್ತರಿಸಿ ನೋಡಿದಾಗ ಗುರುತು ಬಿದ್ದ ಜಾಗಗಳಲ್ಲೆಲ್ಲ ಅಂಟು ಬಿಟ್ಟಿತ್ತು, ಇನ್ನೂ ಹೊರಗೆ ಏನೂ ಕಾಣದ ಕಡೆಗಳಲ್ಲಿ ಕೂಡ. "ಹಲಗೆ ಯಾವ ತಿಂಗಳು ಮಾಡಿದ್ದು?" ಎಂದು ಕೇಳಿದರು. ಜುಲೈ ಎಂದೆ. "ಮಳೆಗಾಲದ ಮರಕ್ಕೆ ಅಂಟು ಹಾಕಿದ್ದೀಯ" ಎಂದರು.

ಅಷ್ಟೇ ವಿಷಯ. ಹುಣಸೂರಿನಿಂದ ತಂದ ಸಿಲ್ವರ್ ಓಕ್ ಪಟ್ಟಿಗಳನ್ನು ತೆರೆದ ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದೆ. ತೇವಮಾಪಕ ತಂದು ಚುಚ್ಚಿದಾಗ ಶೇ. 14 ತೋರಿಸಿತು, ನಮಗೆ ಬೇಕಿದ್ದುದು 8ರ ಆಸುಪಾಸು. ಅಂಥ ಮರ ಗುಲ್ಮಾರ್ಗ್‌ನ ಒಣ ಚಳಿಗೆ ಹೋಗಿ ಕುಗ್ಗಿದಾಗ ಅಂಟು ಎಷ್ಟೆಂದು ತಡೆದೀತು! ಶೆಡ್ಡಿನ ಒಂದು ಮೂಲೆಗೆ ಗೋಡೆ ಎಬ್ಬಿಸಿ ಒಣಗುಕೋಣೆ ಮಾಡಿದೆವು. ಈಗ ಯಾವ ಪಟ್ಟಿಯೂ ಎರಡು ವಾರ ಅಲ್ಲಿ ಕೂರದೆ ಹೊರಗೆ ಬರುವುದಿಲ್ಲ. ಮರವನ್ನೂ ಬದಲಿಸಿದೆವು. ಸಿಲ್ವರ್ ಓಕ್ ತೂಕ ಹೆಚ್ಚು, ಹಾಗಾಗಿ ನಡುವಿಗೆ ಯಮುನಾನಗರದ ಹಗುರವಾದ ಪಾಪ್ಲರ್. ಬೂಟನ್ನು ಹಲಗೆಗೆ ಹಿಡಿದಿಡುವ ಬೈಂಡಿಂಗ್‌ನ ತಿರುಪು ಕೂರುವ ಜಾಗಕ್ಕೂ ಅಂಚಿಗೂ ಮಾತ್ರ ಸಿಲ್ವರ್ ಓಕ್.

ಪದರಗಳನ್ನು ಬಿಸಿಯಲ್ಲಿ ಒತ್ತಿ ಅಂಟಿಸುವ ಪ್ರೆಸ್ಸಿನ ಪಾಠ ಬೇರೆಯೇ ಇತ್ತು. 80 ಡಿಗ್ರಿ ಬಿಸಿಯಲ್ಲಿ ಒತ್ತಿದ ಹಲಗೆಯನ್ನು ಅವಸರಪಟ್ಟು ಹೊರತೆಗೆದರೆ ಸೊಟ್ಟಗಾಗುತ್ತದೆ, ಏಕೆಂದರೆ ತಣಿಯುವಾಗ ಪಾಲಿಥಿಲೀನ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಕುಗ್ಗುತ್ತದೆ. ಒತ್ತಡದಲ್ಲಿಯೇ ತಣಿಯಲು ಬಿಡಬೇಕು. ಇದರಿಂದ ಒಂದು ಪ್ರೆಸ್ಸಿಗೆ ದಿನಕ್ಕೆ ಎರಡೇ ಹಲಗೆ. ಮೂರನೆಯದಕ್ಕೆ ಆಸೆಪಟ್ಟ ದಿನಗಳಲ್ಲೆಲ್ಲ ಮೂರನ್ನೂ ಕಳೆದುಕೊಂಡಿದ್ದೇನೆ.

ಈ ಉದ್ಯಮ ಬೆಳೆದ ಕಥೆಯನ್ನು ಓದಿದ್ದೇನೆ. 1965ರಲ್ಲಿ ಮಿಚಿಗನ್‌ನ ಶರ್ಮನ್ ಪೊಪೆನ್ ಮಗಳಿಗಾಗಿ ಎರಡು ಸ್ಕೀಗಳನ್ನು ಜೋಡಿಸಿ, ಸ್ನೋಬೋರ್ಡಿನ ಪೂರ್ವರೂಪವಾದ ಸ್ನರ್ಫರ್ ಮಾಡಿದರು. 1977ರಲ್ಲಿ ಜೇಕ್ ಬರ್ಟನ್ ಕಾರ್ಪೆಂಟರ್ ವರ್ಮಾಂಟ್‌ನ ಲಂಡನ್‌ಡೆರ್ರಿಯಲ್ಲಿ ಬರ್ಟನ್ ಕಂಪನಿ ಶುರುಮಾಡಿದರು. ಹಲಗೆ ಮಾಡುವುದರ ಜೊತೆಗೆ, ಸ್ನೋಬೋರ್ಡ್ ಒಳಗೆ ಬಿಡದಿದ್ದ ಸ್ಕೀ ತಾಣಗಳ ಬಾಗಿಲು ತೆರೆಸಲೂ ಅವರು ಹೆಣಗಿದರು. 1998ರ ನಗಾನೊ ಒಲಿಂಪಿಕ್ಸ್ ಹೊತ್ತಿಗೆ ಅದು ಪದಕದ ಆಟವಾಗಿತ್ತು. ನಮಗೆ ಆ ಬಾಗಿಲು ಎಂದರೆ ಬಾಡಿಗೆ ಅಂಗಡಿಗಳು. ಗುಲ್ಮಾರ್ಗ್‌ನಲ್ಲೂ ಉತ್ತರಾಖಂಡದ ಔಲಿಯಲ್ಲೂ ಹೊಸದಾಗಿ ಕಲಿಯುವವರು ಹಲಗೆ ಕೊಳ್ಳುವುದಿಲ್ಲ, ಬಾಡಿಗೆಗೆ ಪಡೆಯುತ್ತಾರೆ. ಹಾಗಾಗಿ ಅಂಗಡಿಯವರಿಗೆ ಒಂದು ಮಾತು ಕೊಟ್ಟೆ: ಮುರಿದದ್ದನ್ನು ನಮ್ಮ ಖರ್ಚಿನಲ್ಲಿ ವಾಪಸು ತರಿಸಿಕೊಳ್ಳುತ್ತೇವೆ. ಲಾರಿ ಬಾಡಿಗೆ ನೋಡಿ ನಮ್ಮ ಲೆಕ್ಕಿಗರು ಬೇಡವೆಂದರು. ನಾನು ಬಿಡಲಿಲ್ಲ. ಮುರಿದು ಬಂದ ಪ್ರತಿ ಹಲಗೆಯನ್ನೂ ಸೀಳಿ ನೋಡುತ್ತೇವೆ, ತುಂಡಿನ ಮೇಲೆ ತಾರೀಖು ಬರೆದು ಗೋಡೆಗೆ ತೂಗುಹಾಕುತ್ತೇವೆ.

2019ರಲ್ಲಿ 40 ಹಲಗೆ ಮಾಡಿದೆವು. 2020ರ ಮಾರ್ಚ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಮೊದಲ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟ ನಡೆದು, ಮುಂದಿನ ಸಾಲಿಗೆ ವಿಚಾರಣೆಗಳು ಬಂದವು. ಅದೇ ತಿಂಗಳು ಲಾಕ್‌ಡೌನ್. 2023ರ ಹೊತ್ತಿಗೆ ಎರಡು ಪ್ರೆಸ್, ಒಂಬತ್ತು ಜನ, 180 ಹಲಗೆ.

ಕಷ್ಟ ಇರುವುದು ಹಣದ ಸುತ್ತಿನಲ್ಲಿ. ಉಕ್ಕಿನ ಅಂಚು, ತಳದ ಹಾಳೆ ಯುರೋಪಿನಿಂದ ಬರಬೇಕು, ಅದಕ್ಕೆ ಮುಂಗಡ ಮೇ ತಿಂಗಳಲ್ಲೇ ಕಟ್ಟಬೇಕು. ಅಂಗಡಿಯವರು ಕೊಡುವುದು ಹಿಮದ ಕಾಲ ಮುಗಿದು ಮಾರ್ಚ್‌ನಲ್ಲಿ. ನಡುವಿನ ಹತ್ತು ತಿಂಗಳು ಸಂಬಳ ಕೊಡಿಸುವುದು ಸ್ಕೇಟ್‌ಬೋರ್ಡ್. 2024ರ ಜನವರಿಯ ಹೆಚ್ಚಿನ ದಿನ ಗುಲ್ಮಾರ್ಗ್‌ಗೆ ಹಿಮವೇ ಬೀಳಲಿಲ್ಲ. ಒಣಹುಲ್ಲಿನ ಇಳಿಜಾರಿನ ಫೋಟೋ ಕಳುಹಿಸಿದ ಅಂಗಡಿಯವರಿಗೆ ನಾನು ಬಾಕಿ ಕೇಳಲಿಲ್ಲ. ಹಿಮ ತಿಂಗಳ ಕೊನೆಯಲ್ಲಿ ಬಿತ್ತು, ಹಣ ಮೇನಲ್ಲಿ ಬಂತು. ಸ್ನೋಬೋರ್ಡನ್ನೇ ನಂಬಿ ಕುಳಿತಿದ್ದರೆ ಆ ವರ್ಷ ಬಾಗಿಲು ಹಾಕಬೇಕಾಗುತ್ತಿತ್ತು. ಈ ಕೆಲಸಕ್ಕೆ ಬರುವವರು ವರ್ಷವಿಡೀ ಮಾರಾಟವಾಗುವ ಇನ್ನೊಂದು ವಸ್ತುವನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು.

ತಂದೆ ಈಗಲೂ ಶನಿವಾರ ಬರುತ್ತಾರೆ. ಹಲಗೆಗಳನ್ನು ನಮ್ಮ ಹುಡುಗರು ಐದು ರೂಪಾಯಿ ನಾಣ್ಯದಿಂದ ತಟ್ಟಿ ಪರೀಕ್ಷಿಸುತ್ತಾರೆ. ಅವರು ಮಾತ್ರ ಗೆಣ್ಣಿನಿಂದಲೇ. ಕಳೆದ ಅಕ್ಟೋಬರ್‌ನಲ್ಲಿ ಹುಡುಗರು ಪಾಸು ಮಾಡಿದ್ದ ಒಂದು ಹಲಗೆಯನ್ನು ಅವರು ಪಕ್ಕಕ್ಕೆ ಒರಗಿಸಿಟ್ಟರು. ಸೀಳಿದೆವು. ಬಾಲದ ಹತ್ತಿರ ಹುಣಸೆಬೀಜದಷ್ಟು ಜಾಗದಲ್ಲಿ ಎಪಾಕ್ಸಿ ತುಂಬಿರಲಿಲ್ಲ. ಅದೇ ಡಬ್ಬಿಯ ಎಪಾಕ್ಸಿಯಲ್ಲಿ ಮಾಡಿದ್ದ ಇನ್ನೂ ಒಂಬತ್ತು ಹಲಗೆಗಳು ಲಾರಿ ಹತ್ತಿದ್ದವು. ಚಾಲಕನಿಗೆ ಫೋನ್ ಮಾಡಿ, ಶ್ರೀರಂಗಪಟ್ಟಣದಿಂದ ಗಾಡಿ ತಿರುಗಿಸಲು ಹೇಳಿದೆ.