ತಪ್ಪು ಹೇಳಿ ಸರಿ ಕೇಳಿಸಿಕೊಂಡೆ: ಬೋಡೋ ಗಾದೆಗಳ ಸಂಗ್ರಹ, ನನ್ನ ಅನುಭವ

ಅಸ್ಸಾಮಿನ ಕೊಕ್ರಾಝಾರ್ ಸುತ್ತಲಿನ ಹಳ್ಳಿಗಳಲ್ಲಿ ಅಲ್ಲಿನ ಬೋಡೋ ಜನರ ಗಾದೆಗಳನ್ನು ಸಂಗ್ರಹಿಸಲು ಹೊರಟಾಗ, ಭಾಷೆಯೇ ಬಾರದವನಿಗೆ ಪಠ್ಯಪುಸ್ತಕದ ಮಾತುಗಳ ಹೊರತು ಏನೂ ದಕ್ಕದು ಎಂದು ಗೆಳೆಯರು ಹೇಳಿದ್ದರು. ಮೊದಲ ಎರಡು ಚಳಿಗಾಲ ಅವರ ಮಾತೇ ನಿಜವಾಯಿತು. ಪ್ರಯಾಣ, ದುಭಾಷಿಯ ದಿನಗೂಲಿ, ರೆಕಾರ್ಡರ್ ಎಲ್ಲ ಸೇರಿ ಸುಮಾರು 70,000 ರೂಪಾಯಿ ಖರ್ಚಾಯಿತು. ಬರೆದುಕೊಂಡ 300ರಷ್ಟು ಮಾತುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಸ್ಸಾಮಿ ಗಾದೆಗಳ ಅನುವಾದಗಳೆಂದು ಆಮೇಲೆ ತಿಳಿಯಿತು. ‘ಗಾದೆ ಹೇಳಿ’ ಎಂದು ಕೇಳಿದ್ದೇ ತಪ್ಪಾಗಿತ್ತು; ಹಾಗೆ ಕೇಳಿದರೆ ನಮ್ಮೂರ ಅಜ್ಜಿಯರ ಬಾಯಿಂದಲೂ ಗಾದೆ ಹೊರಡುವುದಿಲ್ಲ.

ಮೂರನೆಯ ವರ್ಷ ದುಭಾಷಿಯನ್ನು ಬಿಟ್ಟು, ಕಲಿತ ಅಷ್ಟಿಷ್ಟು ಬೋಡೋ ಮಾತಿನೊಡನೆ, ಬೋಡೋ ಹೆಂಗಸರು ಉಡುವ ದೊಖೊನಾ ನೇಯುತ್ತಿದ್ದ ಅಜ್ಜಿಯೊಬ್ಬರ ಮಗ್ಗದ ಪಕ್ಕ ಕೂತೆ. ಅಂಗಳದಲ್ಲಿ, ಬೋಡೋ ಜನ ಪೂಜಿಸುವ ಬಾಥೌ ದೇವರ ಪೀಠದಲ್ಲಿದ್ದ ಸಿಜೌ ಕಳ್ಳಿಯನ್ನು ತೋರಿಸಿ, ಅದರ ಏಣುಗಳು ಆರು ಎಂದು ಬೇಕೆಂದೇ ತಪ್ಪು ಹೇಳಿದೆ. ಅಜ್ಜಿಯ ಕೈಯಲ್ಲಿದ್ದ ಲಾಳಿ ಅಲ್ಲಿಯೇ ನಿಂತಿತು. ‘ಥೈಗಿರ್‌ನಿ ಖೋಂಗಾ ಖೋಂಗ್ಬಾ, ಸಿಜೌನಿ ಸಿರಿಯಾ ಸಿರಿಬಾ, ಸಿಫುಂಗ್‌ನಿ ಗುದುಂಗಾ ಗುದುಂಗ್ಬಾ’ ಎಂದು ಒಂದೇ ಉಸಿರಿನಲ್ಲಿ ಹೇಳತೊಡಗಿದರು: ಥೈಗಿರ್ ಕಾಯಿಯ ಪದರ ಐದು, ಸಿಜೌವಿನ ಏಣು ಐದು, ಸಿಫುಂಗ್ ಕೊಳಲಿನ ತೂತು ಐದು, ಹಾಗೆಯೇ ಬಾಥೌ ಬೇಲಿಯ ಕಟ್ಟು ಐದು, ಬೋಡೋ ಹಿರಿಯರು ಕಲಿಸಿದ ನೀತಿಯೂ ಐದು. ‘ಬಾ’ ಎಂದರೆ ಐದು. ಹೆಸರನ್ನೇ ಮತ್ತೊಮ್ಮೆ ಹೇಳಿ ಅದರ ಬಾಲಕ್ಕೆ ಎಣಿಕೆಯನ್ನು ಕಟ್ಟುವ ಈ ಲಯದ ಸೊಗಸು ನನ್ನ ಅನುವಾದದಲ್ಲಿ ಉಳಿದಿಲ್ಲ.

ಆ ಮಧ್ಯಾಹ್ನವೊಂದರಲ್ಲೇ ಹನ್ನೊಂದೋ ಹನ್ನೆರಡೋ ಮಾತುಗಳು ಸಿಕ್ಕವು, ಪ್ರತಿಯೊಂದೂ ಅದನ್ನು ಆಡುವ ಸಂದರ್ಭದ ಸಮೇತ. ಯಾವ ವಿಷಯದಲ್ಲಿ, ಎಷ್ಟು ತಪ್ಪು ಹೇಳಬೇಕೆಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಬರೆದಿಟ್ಟುಕೊಳ್ಳುವುದು ಇನ್ನೊಂದು ತೊಡಕಾಗಿತ್ತು. 1970ರ ದಶಕದ ನಡುವಿನಿಂದ ಬೋಡೋ ದೇವನಾಗರಿಯಲ್ಲಿದೆ. ಅದರಲ್ಲಿ ‘ಓ’ ಅಕ್ಷರ ತುಟಿ ದುಂಡಗಾಗದೆ ನಾಲಿಗೆಯ ಹಿಂಭಾಗದಿಂದ ಹೊರಡುವ ಸ್ವರವನ್ನು ಸೂಚಿಸುತ್ತದೆ. ನಾನು ಅದನ್ನು ಹಿಂದಿಯಂತೆ ಓದಿದಾಗ ಅಜ್ಜಿಗೆ ತಮ್ಮದೇ ಮಾತಿನ ಗುರುತು ಸಿಗಲಿಲ್ಲ. ನನ್ನ ಮನೆಮಾತು ತುಳು. ‘ಕಣ್ಣ್’ ಎನ್ನುವಾಗ ಕೊನೆಯಲ್ಲಿ ಕೇಳುವ ಅರೆ ಉಕಾರ ಅದಕ್ಕೆ ತೀರ ಹತ್ತಿರವೆನ್ನಿಸಿ, ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವ ಗುರುತನ್ನೇ ಬಳಸಿದೆ. ಓದಿ ಹೇಳಿದಾಗ ಅಜ್ಜಿ ತಲೆದೂಗಿದರು. ಅರ್ಥವನ್ನೇ ಬದಲಿಸುವ ದನಿಯ ಏರಿಳಿತಕ್ಕೆ ಮಾತ್ರ ಯಾವ ಗುರುತೂ ಒದಗಲಿಲ್ಲ. ಅದಕ್ಕೆ ಧ್ವನಿಮುದ್ರಣವೇ ಆಧಾರ.

ಈಗ ಸುಮಾರು 180 ಮಾತುಗಳಿವೆ. ಅಸ್ಸಾಮಿನದೇ ಇನ್ನೊಂದು ಬೋಡೋ ಪ್ರದೇಶವಾದ ಉದಾಲ್ಗುರಿ ಕಡೆ ಅದೇ ಐದರ ಮಾತು ಸಿಜೌವಿನಿಂದ ಆರಂಭವಾದದ್ದನ್ನು ಕೇಳಿದ ಮೇಲೆ, ಎರಡೂ ಕ್ರಮಗಳನ್ನು ಪಕ್ಕಪಕ್ಕದಲ್ಲಿ ಬರೆದಿಡುತ್ತಿದ್ದೇನೆ.