ಗಾಳಿ ನಿಜವಾಗ್ಲೂ ಸುಧಾರಿಸಿದ್ಯಾ? ಹತ್ತು ವರ್ಷದ ಡೇಟಾ ಹೀಗೆ ನೋಡಿ

ಮೊದಲನೇದು, ಇವತ್ತಿನ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಅಂತ ಹೇಳೋ ಸೂಚ್ಯಂಕ) ನೋಡಿ ಗಾಳಿ ಕ್ಲೀನ್ ಆಯ್ತು ಅಂತ ಹೇಳೋಕೆ ಹೋಗ್ಬೇಡಿ. ಮಳೆ ಬಂದ್ರೆ ಕಣ ತೊಳೆದು ಹೋಗಿರುತ್ತೆ, ಜೋರು ಗಾಳಿ ಬೀಸಿದ್ರೆ ಪಕ್ಕದೂರಿನ ಪಾಲಾಗಿರುತ್ತೆ, ಹೊಗೆ ಬಿಡೋದು ಮಾತ್ರ ಅಷ್ಟೇ ಇರುತ್ತೆ. ಎಕ್ಯೂಐ ಲೆಕ್ಕಾನೂ ದೇಶ ದೇಶಕ್ಕೆ ಬೇರೆ, ಅದಕ್ಕೇ ಒಂದು ಘನ ಮೀಟರ್ ಗಾಳೀಲಿ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಎಷ್ಟು ಮೈಕ್ರೋಗ್ರಾಂ ಇದೆ ಅನ್ನೋ ನೇರ ನಂಬರೇ ಡೌನ್‌ಲೋಡ್ ಮಾಡ್ಕೊಳ್ಳಿ.

ಆಮೇಲೆ ಗಾಳಿ ಅಳೆಯೋ ಸ್ಟೇಷನ್. ಶುರುವಿಂದ ಕೊನೇವರೆಗೂ ಅದೇ ಸ್ಟೇಷನ್ ಇರ್ಬೇಕು. ನಡುವೆ ಮರಗಿಡ ಜಾಸ್ತಿ ಇರೋ ಕಡೆ ನಾಲ್ಕು ಹೊಸ ಮಷಿನ್ ಇಟ್ರೆ ಊರಿನ ಸರಾಸರಿ ತಾನಾಗೇ ಇಳಿಯುತ್ತೆ, ಗಾಳಿ ಎಲ್ಲಿತ್ತೋ ಅಲ್ಲೇ! ಡೇಟಾ ಖಾಲಿ ಇರೋ ದಿನಗಳನ್ನೂ ಎಣಿಸಿ, ಕಾಲು ಭಾಗಕ್ಕಿಂತ ಜಾಸ್ತಿ ಖಾಲಿ ಇದ್ರೆ ಆ ವರ್ಷ ಬಿಟ್ಬಿಡಿ, ಅದ್ರಲ್ಲೂ ಚಳಿಗಾಲದ ತಿಂಗಳೇ ಇಲ್ಲ ಅಂದ್ರೆ ನಂಬಲೇಬೇಡಿ. ಚಳೀಲಿ ನೆಲದ ಹತ್ರ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ ಮುಚ್ಚಳ ಹಾಕ್ದಂಗೆ ಕೂತ್ಕೊಂಡು ಹೊಗೆ ಮೇಲೆ ಹೋಗೋಕೇ ಬಿಡಲ್ಲ, ಹಾಗಾಗಿ ಜನವರೀನ ಜನವರಿ ಜೊತೆಗೇ ಹೋಲಿಸಿ, ಜುಲೈ ಜೊತೆ ಅಲ್ಲ.

ಒಂದೊಂದೇ ವರ್ಷ ನೋಡೋ ಬದಲು ಮೂರು ವರ್ಷದ ಸರಾಸರಿ ತಗೊಳ್ಳಿ, ಅಮೆರಿಕದಲ್ಲೂ ವಾರ್ಷಿಕ ಮಿತಿ ದಾಟಿದ್ಯಾ ಇಲ್ವಾ ಅಂತ ಹೀಗೇ ನೋಡೋದು. 2020ನ ಮಾತ್ರ ಶುರುಗೂ ಕೊನೆಗೂ ಇಟ್ಕೋಬೇಡಿ, ಲಾಕ್‌ಡೌನ್ ವರ್ಷ, ಎಂಥಾ ಗ್ರಾಫನ್ನೂ ತಿರುಚಿಬಿಡುತ್ತೆ.

ಇನ್ನು 'ಮಿತಿ ಒಳಗಿದೆ' ಅಂತಾರಲ್ಲ, ಯಾವ ಮಿತಿ ಕೇಳಿ. ಡಬ್ಲ್ಯೂಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) 2005ರಲ್ಲಿ ಪಿಎಂ 2.5ಗೆ ವರ್ಷದ ಸರಾಸರಿ 10 ಮೈಕ್ರೋಗ್ರಾಂ ಅಂದಿತ್ತು, 2021ರಲ್ಲಿ 5 ಮಾಡ್ತು. 9 ಇದ್ದ ಊರು ಒಂದೇ ದಿನದಲ್ಲಿ ಪಾಸಿಂದ ಫೇಲು.

ಯಾವ ಕ್ರಮ ಕೆಲಸ ಮಾಡ್ತು ಅಂತ ತಿಳೀಬೇಕಾ? ಗ್ರಾಫ್ ಮೇಲೆ ಆ ಕ್ರಮ ಶುರುವಾದ ತಾರೀಖಿಗೆ ಗೆರೆ ಎಳೀರಿ, ಪಿಎಂ 10 (10 ಮೈಕ್ರಾನ್‌ವರೆಗಿನ ಕಣ, ದಪ್ಪ ಧೂಳೂ ಸೇರಿ) ಮತ್ತು 2.5 ಎರಡನ್ನೂ ಬೇರೆ ಬೇರೆ ಹಾಕಿ. ರಸ್ತೆ ಗುಡಿಸಿ ನೀರು ಚಿಮುಕಿಸಿದ್ರೆ ದಪ್ಪ ಧೂಳು ಸ್ವಲ್ಪ ಇಳಿಯುತ್ತೆ (ಫೋಟೋನೂ ಚೆನ್ನಾಗ್ ಬರುತ್ತೆ ಬಿಡಿ), 2.5 ಅಲ್ಲಾಡೋದು ಕಮ್ಮಿ, ಯಾಕಂದ್ರೆ ಅದ್ರಲ್ಲಿ ಸುಟ್ಟ ಹೊಗೆ ಜಾಸ್ತಿ, ಜೊತೆಗೆ ಸಲ್ಫರ್ ಡೈಆಕ್ಸೈಡ್, ನೈಟ್ರೋಜನ್ ಆಕ್ಸೈಡ್, ಅಮೋನಿಯಾ ಸೇರಿ ಗಾಳೀಲೇ ಹುಟ್ಟೋ ಕಣಗಳೂ ಇರ್ತವೆ. ಬೀಜಿಂಗ್‌ನಲ್ಲಿ ಪಿಎಂ 2.5 ವರ್ಷದ ಸರಾಸರಿ 2013ರಲ್ಲಿ ಸುಮಾರು 90 ಮೈಕ್ರೋಗ್ರಾಂ ಇದ್ದಿದ್ದು 2020ಕ್ಕೆ 40ರ ಕೆಳಗೆ ಬಂತು, ಅಲ್ಲಿ ಕೈ ಹಾಕಿದ್ದು ಕಲ್ಲಿದ್ದಲಿಗೆ, ಕಾರ್ಖಾನೆಗೆ, ಹಳೇ ಗಾಡಿಗಳಿಗೆ. ಲಂಡನ್ನಲ್ಲೂ 1952ರ ಹೊಗೆಮಂಜಲ್ಲಿ ಸಾವಿರಾರು ಜನ ಸತ್ತ ಮೇಲೆ 1956ರಲ್ಲಿ ಕಾನೂನು ಬಂದಿದ್ದು ಕಲ್ಲಿದ್ದಲ ಹೊಗೆ ಮೇಲೇನೇ.

ಗೆರೆ ಇಳೀತಾ ಇದ್ದಿದ್ದು ಮತ್ತೆ ಏರಿದ್ರೆ ಕ್ರಮ ಸೋತೋಯ್ತು ಅಂತ ತಕ್ಷಣ ಬರೀಬೇಡಿ. ಅಮೆರಿಕದ ಪಶ್ಚಿಮದಲ್ಲಿ ಗಾಡಿ, ಕಾರ್ಖಾನೆ ಹೊಗೆ ಕಮ್ಮಿ ಆದ್ರೂ ಕಾಡ್ಗಿಚ್ಚು ಎಷ್ಟೋ ಲಾಭಾನ ತಿಂದಾಕಿದೆ, ಬೆಂಕಿ ದಿನಗಳನ್ನ ತೆಗೆದು ಒಂದು ಗ್ರಾಫು, ಸೇರಿಸಿ ಇನ್ನೊಂದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಸಿರಾಡೋದು ಮಾತ್ರ ಎರಡನೇದನ್ನೇ.